ಎಫ್‌ಟಿಪಿಲಿ ಇಡೀ ಸೈಟ್ ಬ್ಯಾಕಪ್: ಫೈಲ್‌ಜಿಲ್ಲಾಲಿ ಎಳೆದು ಹಾಕಿದ್ರೆ ಸಾಕಾ?

ಶಿರ್ಸಿಕಡೆಯವ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಯಕ್ಷಗಾನ ಸಂಘದ ವೆಬ್‌ಸೈಟ್ ಈಗ ನನ್ನ ತಲೆಗೆ ಬಂದಿದೆ. ಇಷ್ಟು ದಿನ ನೋಡ್ಕೊಳ್ತಿದ್ದ ಹುಡುಗ ಕೆಲಸ ಸಿಕ್ಕಿ ಪುಣೆಗೆ ಹೋದ, ಹೋಗೋ ಮುಂಚೆ ಒಂದು ಹಾಳೆಲಿ ಸಿಪ್ಯಾನೆಲ್ (ಹೋಸ್ಟಿಂಗ್ ನೋಡ್ಕೊಳ್ಳೋ ಪುಟ) ಲಾಗಿನ್ನು, ಎಫ್‌ಟಿಪಿ (ಸರ್ವರಿಗೆ ಫೈಲ್ ಹಾಕೋ, ಅಲ್ಲಿಂದ ತರೋ ದಾರಿ) ಯೂಸರ್‌ನೇಮು, ಪಾಸ್‌ವರ್ಡು ಬರೆದುಕೊಟ್ಟು ಮಿಕ್ಕಿದ್ದು ನೀವೇ ನೋಡ್ಕೊಳ್ಳಿ ಮೇಷ್ಟ್ರೇ ಅಂದ. ನಂಗೆ ಕಂಪ್ಯೂಟರ್ ಗೊತ್ತು, ಸರ್ವರ್ ಗೊತ್ತಿಲ್ಲ.

ಈ ಸಲ ಹೋಸ್ಟಿಂಗ್ ರಿನ್ಯೂವಲ್ಲಿಗೆ ಮೊದಲನೇ ವರ್ಷದ ರೇಟಿಗಿಂತ ಎಷ್ಟೋ ಪಟ್ಟು ಜಾಸ್ತಿ ಬಿಲ್ ಬಂದಿದೆ, ಹಾಗಾಗಿ ಬೇರೆ ಕಡೆ ಹೋಗೋಣ ಅಂತ ಕಮಿಟಿಲಿ ಮಾತಾಗಿದೆ. ಅದಕ್ಕೂ ಮುಂಚೆ ಅಲ್ಲಿರೋದನ್ನೆಲ್ಲ ಒಂದು ಸಲ ಮನೆ ಲ್ಯಾಪ್‌ಟಾಪಿಗೆ ತಂದಿಟ್ಕೊಳ್ಬೇಕು. ಸೈಟಲ್ಲಿ ಇರೋದು ಹೀಗೆ: 2004ರ ಸುಮಾರಿಗೆ ಮಾಡಿದ ಹಳೇ ಎಚ್‌ಟಿಎಮ್‌ಎಲ್ ಪುಟಗಳು (ಪ್ರಸಂಗಗಳ ಪದ್ಯ, ಹಳೇ ಕಲಾವಿದರ ಪರಿಚಯ, ಎಲ್ಲಾ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು), ಆಮೇಲೆ ಬಂದ ವರ್ಡ್‌ಪ್ರೆಸ್ಸು, ಇನ್ನೊಂದು ಯಾವುದೋ ಹಳೇ ಫೋಟೋ ಗ್ಯಾಲರಿ, ಮತ್ತೆ ತಾಳಮದ್ದಲೆ ಎಂಪಿ3ಗಳು. ಎಲ್ಲಾ ಸೇರಿ 14 ಜಿಬಿ ಅಂತ ಸಿಪ್ಯಾನೆಲ್ ತೋರಿಸ್ತಿದೆ.

ಫೈಲ್‌ಜಿಲ್ಲಾ ಅನ್ನೋ ಎಫ್‌ಟಿಪಿ ಪ್ರೋಗ್ರಾಮ್ ಹಾಕ್ಕೊಂಡೆ. ಬಲಗಡೆ ಇರೋ ಪಬ್ಲಿಕ್ ಎಚ್‌ಟಿಎಮ್‌ಎಲ್ ಅನ್ನೋ ಫೋಲ್ಡರನ್ನ ಎಡಗಡೆಗೆ ಎಳೆದು ಬಿಟ್ರೆ ಬ್ಯಾಕಪ್ ಆಯ್ತು ಅಂತನಾ, ಇನ್ನೇನಾದ್ರೂ ಇದೆಯಾ? ಕನೆಕ್ಟ್ ಆಗುವಾಗ ಸರ್ಟಿಫಿಕೇಟ್ ಹೆಸರು ಹೊಂದಲ್ಲ ಅಂತ ಒಂದು ಎಚ್ಚರಿಕೆ ಬರುತ್ತೆ, ಅದಕ್ಕೆ ಸರಿ ಅನ್ಬಹುದಾ? ಮತ್ತೆ ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಯಾವಾಗ ಹೋಗುತ್ತೆ ಹೇಳಕ್ಕಾಗಲ್ಲ, ಅರ್ಧಕ್ಕೆ ನಿಂತ್ರೆ ಮೊದಲಿಂದ ಶುರು ಮಾಡ್ಬೇಕಾ?

—

ಕುಡ್ಲದ_ಸರ್ವರ್‌ಭಟ್ರು:

ಮೇಷ್ಟ್ರೇ, ಎಳೆದು ಬಿಟ್ರೆ ಅರ್ಧ ಬ್ಯಾಕಪ್ ಆಗ್ತದೆ, ಇನ್ನರ್ಧ ಅಲ್ಲೇ ಉಳೀತದೆ. ವರ್ಡ್‌ಪ್ರೆಸ್ಸಲ್ಲಿ ನೀವು ಬರೆದ ಲೇಖನ, ಪುಟ, ಕಮೆಂಟು, ಸೆಟ್ಟಿಂಗು ಇದೆಲ್ಲ ಫೈಲಾಗಿ ಎಲ್ಲೂ ಇಲ್ಲ, ಮೈಎಸ್‌ಕ್ಯೂಎಲ್ ಡೇಟಾಬೇಸಲ್ಲಿ ಉಂಟು. ಎಫ್‌ಟಿಪಿಗೆ ಡೇಟಾಬೇಸ್ ಕಾಣುವುದೇ ಇಲ್ಲ. ಎಫ್‌ಟಿಪಿಲಿ ಬರುವುದು ಥೀಮು, ಪ್ಲಗಿನ್ನು, ಅಪ್‌ಲೋಡ್ ಮಾಡಿದ ಫೋಟೋ, ಆಡಿಯೋ, ಮತ್ತೆ ನಿಮ್ಮ ಹಳೇ ಎಚ್‌ಟಿಎಮ್‌ಎಲ್ ಪುಟಗಳು ಇಷ್ಟೆ. ಆ ಹಳೇ ಪುಟಗಳ ಮಟ್ಟಿಗೆ ಮಾತ್ರ ಎಫ್‌ಟಿಪಿ ಕಾಪಿ ಅಂದ್ರೆ ಪೂರ್ತಿ ಬ್ಯಾಕಪ್ಪು, ಯಾಕಂದ್ರೆ ಅದರ ಹಿಂದೆ ಬೇರೆ ಎಂತದೂ ಇಲ್ಲ.

ಡೇಟಾಬೇಸಿಗೆ ಸಿಪ್ಯಾನೆಲ್ ಒಳಗೆ ಪಿಎಚ್‌ಪಿಮೈಅಡ್ಮಿನ್ ಉಂಟಲ್ಲ, ಅಲ್ಲಿ ಎಡಗಡೆ ನಿಮ್ಮ ಡೇಟಾಬೇಸ್ ಹೆಸರು ಒತ್ತಿ, ಮೇಲೆ ಎಕ್ಸ್‌ಪೋರ್ಟ್, ಎಸ್‌ಕ್ಯೂಎಲ್ ಅಂತ ಆರಿಸಿ ಗೋ ಕೊಡಿ, ಒಂದು ಫೈಲ್ ಇಳೀತದೆ. ಒಂದಕ್ಕಿಂತ ಜಾಸ್ತಿ ಡೇಟಾಬೇಸ್ ಇದ್ರೆ ಯಾವುದು ಅಂತ ವರ್ಡ್‌ಪ್ರೆಸ್ಸಿನ ಕಾನ್ಫಿಗ್ ಫೈಲಲ್ಲಿ ಬರೆದಿರ್ತದೆ. ಆ ಹಳೇ ಗ್ಯಾಲರಿಗೂ ಒಂದು ಬೇರೆ ಡೇಟಾಬೇಸ್ ಇರುವ ಸಾಧ್ಯತೆ ಜಾಸ್ತಿ, ಅದನ್ನು ಮರೀಬೇಡಿ, ಫೋಟೋದ ಕೆಳಗಿನ ಬರಹ ಎಲ್ಲ ಅದರಲ್ಲೇ ಇರ್ತದೆ.

ಇಳಿಸಿದ ಮೇಲೆ ಒಂದು ಕೆಲಸ ಮಾಡಿ, ಇದು ನಮ್ಮ ಕನ್ನಡದಂಥ ಇಂಗ್ಲಿಷಲ್ಲದ ಸೈಟಿನವರಿಗೆ ಇರುವ ತಲೆನೋವು. ಆ ಎಸ್‌ಕ್ಯೂಎಲ್ ಫೈಲನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ಸಲ್ಲಿ ತೆಗೆದು ಕೆಳಗೆ ಹೋಗಿ ನೋಡಿ. ಕನ್ನಡ ಅಕ್ಷರ ಕನ್ನಡವಾಗೇ ಕಂಡ್ರೆ ಚಿಂತೆ ಇಲ್ಲ. ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಸಣ್ಣ ಎ ಅಕ್ಷರ, ಪಕ್ಕಕ್ಕೆ ಪುಟ್ಟ 2 ಇಲ್ಲಾ 3, ಹೀಗೇ ಸಾಲು ಸಾಲು ಕಂಡ್ರೆ ಹಳೇ ಡೇಟಾಬೇಸ್ ಲ್ಯಾಟಿನ್1 (ಇಂಗ್ಲಿಷ್ ತರದ ಲಿಪಿಗಳ ಹಳೇ ಕೋಡು) ಅಂತ ಇಟ್ಟುಕೊಂಡು ಅದರೊಳಗೆ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಕ್ಕೂ ಆಗುವ ಕೋಡು) ತುರುಕಿದ್ದಾರೆ ಅಂತ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ 3 ಬೈಟ್ ಬೇಕು, ಮೊದಲ ಎರಡು ಬೈಟ್ ಯಾವಾಗಲೂ ಆ ಎ ಮತ್ತು ಆ 2 ಅಥವಾ 3 ಆಗಿ ಕಾಣ್ತದೆ, ಅದಕ್ಕೇ ಎಲ್ಲ ಪದವೂ ಒಂದೇ ತರ. ಇದನ್ನು ಸರಿ ಮಾಡ್ಲಿಕ್ಕೆ ಆಗ್ತದೆ, ಹೆದರ್ಬೇಡಿ. ಆದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆ ಕಂಡ್ರೆ ಆ ಫೈಲಲ್ಲಿ ಅಕ್ಷರ ಹೋಯ್ತು ಅಂತಲೇ, ಯಾವ ಬ್ರಹ್ಮ ಬಂದ್ರೂ ಅದೇ ಫೈಲಿಂದ ವಾಪಸ್ ತರ್ಲಿಕ್ಕೆ ಆಗೂದಿಲ್ಲ, ಬೇರೆ ಸೆಟ್ಟಿಂಗಲ್ಲಿ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡ್ಬೇಕು. ಹಾಗಾಗಿ ಹಳೇ ಸರ್ವರ್ ಬದುಕಿರುವಾಗಲೇ ನೋಡಿ ಅಂತ ಹೇಳುವುದು.

ಇನ್ನು ಫೈಲ್‌ಜಿಲ್ಲಾ. ಸೈಟ್ ಮ್ಯಾನೇಜರಲ್ಲಿ ಎನ್‌ಕ್ರಿಪ್ಶನ್ ಅಂತ ಇರ್ತದೆ, ರಿಕ್ವಯರ್ ಎಕ್ಸ್‌ಪ್ಲಿಸಿಟ್ ಎಫ್‌ಟಿಪಿ ಓವರ್ ಟಿಎಲ್‌ಎಸ್ ಅನ್ನುವುದು ಹಾಕಿ, ಟಿಎಲ್‌ಎಸ್ ಅಂದ್ರೆ ಹೋಗುವುದನ್ನೆಲ್ಲ ಗುಟ್ಟು ಮಾಡಿ ಕಳಿಸುವ ವ್ಯವಸ್ಥೆ. ಓನ್ಲಿ ಯೂಸ್ ಪ್ಲೇನ್ ಎಫ್‌ಟಿಪಿ ಬೇಡ, ಅದರಲ್ಲಿ ಪಾಸ್‌ವರ್ಡ್ ಬರೆದದ್ದು ಬರೆದ ಹಾಗೇ ನೆಟ್‌ವರ್ಕಲ್ಲಿ ಹೋಗ್ತದೆ. ಸರ್ಟಿಫಿಕೇಟ್ ಎಚ್ಚರಿಕೆ ಯಾಕೆ ಬರುವುದೆಂದ್ರೆ ಶೇರ್ಡ್ ಹೋಸ್ಟಿಂಗಲ್ಲಿ ಸರ್ಟಿಫಿಕೇಟು ಸರ್ವರಿನ ಸ್ವಂತ ಹೆಸರಲ್ಲಿ ಇರ್ತದೆ, ನೀವು ನಿಮ್ಮ ಸಂಘದ ಡೊಮೇನ್ ಹೆಸರು ಕೊಟ್ಟು ಕನೆಕ್ಟ್ ಮಾಡ್ತಿದ್ದೀರಿ. ಹೋಸ್ಟಿಂಗಿನವರ ವೆಲ್ಕಮ್ ಮೇಲಲ್ಲಿ ಸರ್ವರ್ ಹೆಸರು ಇರ್ತದೆ, ಹೋಸ್ಟ್ ಅನ್ನುವ ಜಾಗದಲ್ಲಿ ಅದನ್ನೇ ಹಾಕಿ, ಎಚ್ಚರಿಕೆ ತಾನೇ ನಿಲ್ತದೆ.

ಸರ್ವರ್ ಮೆನುವಲ್ಲಿ ಫೋರ್ಸ್ ಶೋಯಿಂಗ್ ಹಿಡನ್ ಫೈಲ್ಸ್ ಟಿಕ್ ಮಾಡಿ. ಚುಕ್ಕಿಯಿಂದ ಶುರುವಾಗುವ, ಲಿಂಕುಗಳ ದಾರಿ ಬರೆದಿರುವ ಎಚ್‌ಟಿ‌ಆಕ್ಸೆಸ್ ಫೈಲು ಇಲ್ಲದಿದ್ರೆ ಕಾಣದೆ ಹೋಗಬಹುದು, ಅದು ಬಾರದಿದ್ರೆ ಹೊಸ ಜಾಗದಲ್ಲಿ ಮುಖಪುಟ ಬರ್ತದೆ ಒಳಗಿನ ಯಾವ ಲಿಂಕೂ ಬರೂದಿಲ್ಲ, ಆಮೇಲೆ ಜನ ತಲೆ ಕೆರ್ಕೊಳ್ಳುವುದು. ಟ್ರಾನ್ಸ್‌ಫರ್ ಮೆನುವಲ್ಲಿ ಪ್ರಿಸರ್ವ್ ಟೈಮ್‌ಸ್ಟ್ಯಾಂಪ್ಸ್ ಹಾಕಿ, ಇಲ್ಲಾಂದ್ರೆ 2004ರ ಪುಟಕ್ಕೂ ಇವತ್ತಿನ ತಾರೀಖೇ ಬೀಳ್ತದೆ. ಟ್ರಾನ್ಸ್‌ಫರ್ ಟೈಪ್ ಬೈನರಿ ಅಂತ ಇಡಿ.

ಕರೆಂಟ್ ಹೋದ್ರೆ ಎಂತ ತೊಂದ್ರೆ ಇಲ್ಲ. ಮತ್ತೆ ಅದೇ ಫೋಲ್ಡರ್ ಎಳೀರಿ, ಈ ಫೈಲ್ ಆಗಲೇ ಉಂಟು ಏನ್ ಮಾಡ್ಲಿ ಅಂತ ಕೇಳ್ತದೆ, ಅದರಲ್ಲಿ ಸೈಜ್ ಬೇರೆ ಇದ್ರೆ ಅಥವಾ ಸರ್ವರಿಂದು ಹೊಸತಾಗಿದ್ರೆ ಮಾತ್ರ ಓವರ್‌ರೈಟ್ ಅನ್ನುವ ಆಯ್ಕೆ ಕೊಟ್ಟು, ಯಾವಾಗಲೂ ಹೀಗೇ ಮಾಡು ಅಂತ ಟಿಕ್ ಹಾಕಿ. ಬಂದದ್ದನ್ನು ಬಿಟ್ಟು ಉಳಿದದ್ದು ತರ್ತದೆ.

—

ಬೆಂಗ್ಳೂರ್_ಬೈಟ್:

ಇಷ್ಟೆಲ್ಲ ಯಾಕೆ ಗುರು. 2021ರಲ್ಲೇ ಕ್ರೋಮು ಫೈರ್‌ಫಾಕ್ಸು ಎರಡೂ ಎಫ್‌ಟಿಪಿನ ಕಿತ್ತು ಬಿಸಾಕಿದ್ವು, ಅದು ಸತ್ತೋಗಿರೋ ಟೆಕ್ನಾಲಜಿ. ಒಂದು ಬ್ಯಾಕಪ್ ಪ್ಲಗಿನ್ ಹಾಕಿ, ಗೂಗಲ್ ಡ್ರೈವ್ ಲಿಂಕ್ ಮಾಡಿ, ವಾರಕ್ಕೊಂದ್ಸಲ ಅದೇ ಕಳಿಸುತ್ತೆ, ಡೇಟಾಬೇಸೂ ಬರುತ್ತೆ ಫೈಲೂ ಬರುತ್ತೆ. ಮೇಷ್ಟ್ರಿಗೆ ಯಾಕೆ ಸುಮ್ನೆ ಕಷ್ಟ ಕೊಡ್ತೀರಾ.

—

ಧಾರವಾಡದ_ಅಕ್ಕ:

ತಮ್ಮಾ, ಬ್ರೌಸರಿನ್ಯಾಗಿಂದ ತಗದ್ರು ಅಂದ್ರ ಎಫ್‌ಟಿಪಿ ಸತ್ತಂಗ ಅಲ್ಲ. ಬ್ರೌಸರಿನ್ಯಾಗ ಯಾರೂ ಸೈಟ್ ಅಪ್‌ಲೋಡ್ ಮಾಡ್ತಿರಲಿಲ್ಲ. ಇವತ್ತಿಗೂ ಸಣ್ಣ ಹೋಸ್ಟಿಂಗ್ ತಗೊಂಡ್ರ ಮೊದಲ ಕೈಗೆ ಕೊಡೂದು ಎಫ್‌ಟಿಪಿ ಅಕೌಂಟೇ. ಪ್ಲಗಿನ್ ಬ್ಯಾಡ ಅಂತ ನಾ ಅನ್ನೂದಿಲ್ಲ, ಆದ್ರ ಆ ಪ್ಲಗಿನ್ ಇರೂದು ವರ್ಡ್‌ಪ್ರೆಸ್ಸಿನ ಒಳಗ. ಯಾವುದೋ ಅಪ್‌ಡೇಟ್ ಆಗಿ ಸೈಟ್ ಬೆಳ್ಳಗ ಆಗಿ ನಿಂತಾಗ ಡ್ಯಾಶ್‌ಬೋರ್ಡಿಗೆ ಹೋಗಾಕ ಆಗಂಗಿಲ್ಲ, ಆವಾಗ ಆ ಪ್ಲಗಿನ್ ತಗೊಂಡು ಏನ್ ಮಾಡ್ತಿ? ಎಫ್‌ಟಿಪಿ ಆದ್ರ ಸೈಟ್ ಮಲಗಿದ್ರೂ ಹೋಗಬಹುದು, ಪ್ಲಗಿನ್ಸ್ ಫೋಲ್ಡರಿನ್ಯಾಗ ತಕರಾರು ಮಾಡೂ ಪ್ಲಗಿನ್ನಿನ ಫೋಲ್ಡರ್ ಹೆಸರಿಗೆ ಮುಂದ ಒಂದು ಅಕ್ಷರ ಸೇರಿಸಿ ಬಿಟ್ರ ಸಾಕು, ವರ್ಡ್‌ಪ್ರೆಸ್ಸು ಅದು ಇಲ್ಲ ಅಂತ ತಿಳಕೊಂಡು ಎದ್ದು ಕೂಡ್ತೈತಿ. ನಾ ನೋಡಿದ ಎಷ್ಟೋ ಸೈಟ್ ಹಿಂಗ ಎದ್ದಾವ.

ಇನ್ನೊಂದು, ವರ್ಡ್‌ಪ್ರೆಸ್ಸಿನ ಪ್ಲಗಿನ್ನು ವರ್ಡ್‌ಪ್ರೆಸ್ಸಿನ ಫೋಲ್ಡರ್ ಅಷ್ಟ ನೋಡೂದು ಜಾಸ್ತಿ. ಮೇಷ್ಟ್ರ ಹಳೇ ನುಡಿ ಪುಟ, ಹಳೇ ಗ್ಯಾಲರಿ, ಅದರ ಡೇಟಾಬೇಸು ಇವೆಲ್ಲ ಅದರ ಕಣ್ಣಿಗೆ ಬೀಳತಾವ ಅಂತ ಹೆಂಗ ಹೇಳ್ತಿ? ಅವರ ಸೈಟಿನ್ಯಾಗ ಬೆಲೆ ಇರೂದು ಅದಕ್ಕನ, ಹೊಸಾ ಪೋಸ್ಟಿಗೆ ಅಲ್ಲ.

ಅಂದಂಗ ಸತ್ತ ಟೆಕ್ನಾಲಜಿ ಅಂತಿಯಲ್ಲ, ಅದನ್ನ ಮೊದಲ ಬರದವರು ನಮ್ಮ ದೇಶದವರು, ಅಭಯ್ ಭೂಷಣ್, ಐಐಟಿ ಕಾನ್ಪುರದಾಗ ಓದಿ ಎಂಐಟಿಗೆ ಹೋದವರು. 1971ರ ಏಪ್ರಿಲ್‌ನ್ಯಾಗ ಆರ್‌ಎಫ್‌ಸಿ 114 ಅಂತ ಬರದ್ರು, ಆರ್‌ಎಫ್‌ಸಿ ಅಂದ್ರ ನೆಟ್‌ವರ್ಕಿನ ಪದ್ಧತಿ ಬರದಿಡೂ ಕಾಗದ. ಈಗ ಬಳಸೂ ರೂಪ ಬಂದದ್ದು 1985ರ ಆರ್‌ಎಫ್‌ಸಿ 959ರಾಗ. ಅವತ್ತು ನೆಟ್‌ವರ್ಕಿನ್ಯಾಗ ಇದ್ದವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು, ಪಾಸ್‌ವರ್ಡ್ ಮುಚ್ಚೂ ಜರೂರು ಯಾರಿಗೂ ಕಾಣಲಿಲ್ಲ. ಮೇಷ್ಟ್ರಿಗೆ ಟಿಎಲ್‌ಎಸ್ ಹಾಕ್ರಿ ಅಂತ ಭಟ್ರು ಹೇಳಿದ್ದು ಅದಕ್ಕ.

ಮೇಷ್ಟ್ರ, ಒಂದು ಮಾತು. ನಿಮ್ಮ ಹೋಸ್ಟಿಂಗಿನ್ಯಾಗ ಎಸ್‌ಎಸ್‌ಎಚ್ (ಸರ್ವರಿಗೆ ಗುಟ್ಟಾಗಿ ಲಾಗಿನ್ ಆಗೂ ದಾರಿ) ಕೊಟ್ಟಿದ್ರ ಎಸ್‌ಎಫ್‌ಟಿಪಿ ಬಳಸ್ರಿ, ಹೆಸರು ಒಂದ ಥರ ಇದ್ರೂ ಅದು ಬ್ಯಾರೆನ ವ್ಯವಸ್ಥಾ. ಎಫ್‌ಟಿಪಿ ಮಾತಾಡೂದಕ್ಕ ಒಂದು ದಾರಿ, ಫೈಲ್ ತರೂದಕ್ಕ ಪ್ರತಿ ಸಲ ಇನ್ನೊಂದು ದಾರಿ ತಗೀತೈತಿ, ಆ ಎರಡನೇ ದಾರಿನ ಫೈರ್‌ವಾಲ್ ಕಟ್ಟಿತಂದ್ರ ಲಾಗಿನ್ ಆಗಿ ಫೋಲ್ಡರ್ ಪಟ್ಟಿ ಬರದಂಗ ನಿಂತಬಿಡ್ತೈತಿ. ಡೈರೆಕ್ಟರಿ ಲಿಸ್ಟಿಂಗ್ ಫೇಲ್ ಅಂತ ಎಲ್ಲಾರೂ ಕೇಳೂ ಪ್ರಶ್ನೆ ಅದ. ಎಸ್‌ಎಫ್‌ಟಿಪಿ ಎಲ್ಲಾ 22ನೇ ಪೋರ್ಟಿನ್ಯಾಗ ಮುಗಸ್ತೈತಿ.

ಮುಂದ ತಿಂಗಳಿಗೊಮ್ಮೆ ಮಾಡೂದಿದ್ರ ವಿನ್‌ಎಸ್‌ಸಿಪಿ ಹಾಕ್ಕೋರಿ, ಪುಕ್ಕಟೆ, ವಿಂಡೋಸ್‌ಗೆ ಅಷ್ಟ ಐತಿ. ಅದರಾಗ ಸಿಂಕ್ರೊನೈಸ್ ಅಂತ ಐತಿ, ಬದಲಾದ ಫೈಲ್ ಅಷ್ಟ ತರ್ತೈತಿ, ಸ್ಕ್ರಿಪ್ಟ್ ಮಾಡಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿಗೆ ಕೊಟ್ರ ರಾತ್ರಿ ತಾನ ಮಾಡ್ಕೋತೈತಿ. ಆದ್ರ ಅಲ್ಲಿ ದಿಕ್ಕು ಅಂತ ಕೇಳ್ತೈತಿ ನೋಡ್ರಿ, ಲೋಕಲ್, ರಿಮೋಟ್, ಬೋತ್ ಅಂತ. ಲೋಕಲ್ ಅಂದ್ರ ನಿಮ್ಮ ಲ್ಯಾಪ್‌ಟಾಪ್ ಬದಲಾಗ್ತೈತಿ, ಬ್ಯಾಕಪ್ಪಿಗೆ ಬೇಕಾದ್ದು ಅದು. ರಿಮೋಟ್ ಕೊಟ್ಟು ಡಿಲೀಟ್ ಫೈಲ್ಸ್ ಅನ್ನೂದಕ್ಕೂ ಟಿಕ್ ಹಾಕಿ ಖಾಲಿ ಫೋಲ್ಡರಿಂದ ಓಡಿಸಿದ್ರ ಸರ್ವರ್ ಮ್ಯಾಲಿನ ಸೈಟ್ ಸಫಾಯಿ, ಒಂದ ಒಂದು ಎರರ್ ಬರಂಗಿಲ್ಲ, ಎಲ್ಲಾ ಸಕ್ಸಸ್‌ಫುಲ್ ಅಂತ ಹೇಳಿ ಮುಗಸ್ತೈತಿ. ಮೊದಲ ಪ್ರಿವ್ಯೂ ನೋಡ್ರಿ, ಬಾಣದ ಗುರ್ತು ಯಾವ ಕಡೆ ಹೊಂಟೈತಿ ನೋಡಿ ಮುಂದ ಹೋಗ್ರಿ. ಡಿಲೀಟಿಗೆ ಟಿಕ್ ಹಾಕಾಕ ಹೋಗಬ್ಯಾಡ್ರಿ, ಹಳೇ ಫೈಲ್ ನಾಕು ಜಾಸ್ತಿ ಇದ್ರ ಏನೂ ಮುಳುಗೂದಿಲ್ಲ.

—

ಬೆಂಗ್ಳೂರ್_ಬೈಟ್:

ಸರಿ ಅಕ್ಕಾ, ವರ್ಡ್‌ಪ್ರೆಸ್ ಹೊರಗಿರೋದು ಪ್ಲಗಿನ್ನಿಗೆ ಬರಲ್ಲ ಅನ್ನೋದು ಒಪ್ಪಿದೆ. ಆದ್ರೆ ಎಫ್‌ಟಿಪಿ ಪಾಸ್‌ವರ್ಡ್‌ನ ಫೈಲ್‌ಜಿಲ್ಲಾಲಿ ಸೇವ್ ಮಾಡಿಡೋ ಜನರನ್ನ ಏನ್ ಮಾಡೋದು, 2009ರಲ್ಲಿ ಗಂಬ್ಲಾರ್ ಅಂತ ಬಂದಿತ್ತಲ್ಲ, ಜನರ ಕಂಪ್ಯೂಟರಿಂದ ಎಫ್‌ಟಿಪಿ ಪಾಸ್‌ವರ್ಡ್ ಕದ್ದು ಅವರ ಸೈಟಿಗೇ ಮಾಲ್ವೇರ್ ಹಾಕ್ತಿತ್ತು. ಮೇಷ್ಟ್ರೇ, ಎಡಿಟ್ ಸೆಟ್ಟಿಂಗ್ಸ್ ಒಳಗೆ ಮಾಸ್ಟರ್ ಪಾಸ್‌ವರ್ಡ್ ಇಡಿ, ಇಲ್ದಿದ್ರೆ ಸೇವ್ ಆಗೋ ಪಾಸ್‌ವರ್ಡ್‌ನ ಚಿಕ್ಕ ಹುಡುಗ್ರೂ ಬಿಚ್ಚಬಹುದು. ಅದಕ್ಕಿಂತ ಮುಂಚೆ ಆ ಹಾಳೆಲಿರೋ ಪಾಸ್‌ವರ್ಡ್ ಎಲ್ಲಾ ಬದಲಾಯ್ಸಿ. ಆ ಹುಡುಗ ಒಳ್ಳೆಯವನೇ ಇರ್ತಾನೆ, ಆದ್ರೆ ಅವನ ಹಳೇ ಲ್ಯಾಪ್‌ಟಾಪ್ ಈಗ ಯಾರ ಹತ್ರ ಇದೆಯೋ.

—

ಶಿರ್ಸಿಕಡೆಯವ:

ತುಂಬಾ ಉಪಕಾರ ಎಲ್ಲರಿಗೂ. ಪಾಸ್‌ವರ್ಡ್ ಬದಲಾಯಿಸಿದೆ, ಟಿಎಲ್‌ಎಸ್ ಹಾಕಿದೆ, ಸರ್ವರ್ ಹೆಸರು ಕೊಟ್ಟ ಮೇಲೆ ಎಚ್ಚರಿಕೆ ಬರೋದೂ ನಿಂತಿತು. ಡೇಟಾಬೇಸ್ ಎರಡಿತ್ತು, ಭಟ್ರು ಹೇಳಿದ ಹಾಗೆ ಗ್ಯಾಲರಿದು ಬೇರೆನೇ. ವರ್ಡ್‌ಪ್ರೆಸ್ಸಿನದರಲ್ಲಿ ಕನ್ನಡ ಕನ್ನಡವಾಗೇ ಇದೆ, ಗ್ಯಾಲರಿದರಲ್ಲಿ ಆ ಗೆರೆ ಇರೋ ಎ ಮತ್ತೆ ಪುಟ್ಟ 2, 3 ಸಾಲು! ನೋಡಿ ನಗುನೂ ಬಂತು ಭಯಾನೂ ಆಯ್ತು.

ಫೈಲುಗಳು ನಿಧಾನಕ್ಕೆ ಬಂದ್ವು, ಎಂಪಿ3 ಬೇಗ ಬಂದ್ಬಿಡುತ್ತೆ, ವರ್ಡ್‌ಪ್ರೆಸ್ಸಿನ ಚೂರುಪಾರು ಫೈಲುಗಳೇ ಜೀವ ತಿನ್ನೋದು. ಕೊನೆಗೆ ಫೇಲ್ಡ್ ಟ್ರಾನ್ಸ್‌ಫರ್ಸ್ ಅನ್ನೋ ಟ್ಯಾಬಲ್ಲಿ ಸೊನ್ನೆ. ಮುಗೀತು ಅಂದ್ಕೊಂಡು ಗ್ಯಾಲರಿಲಿ ಹಳೇ ಭಾಗವತರೊಬ್ಬರ ಫೋಟೋ ಹುಡುಕಿದೆ, ಇಲ್ಲ. ಸೈಟಲ್ಲಿ ಕಾಣುತ್ತೆ, ಲ್ಯಾಪ್‌ಟಾಪಲ್ಲಿ ಇಲ್ಲ. ಆ ಫೋಲ್ಡರಿನ ಪ್ರಾಪರ್ಟೀಸ್ ನೋಡಿದ್ರೆ 9,998 ಫೈಲು. ಸಿಪ್ಯಾನೆಲ್ಲಿನ ಫೈಲ್ ಮ್ಯಾನೇಜರಲ್ಲಿ ಅದೇ ಫೋಲ್ಡರು ತೆಗೆದ್ರೆ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ, ಆ ಭಾಗವತರ ಫೋಟೋನೂ ಅಲ್ಲಿದೆ. ಮತ್ತೆ ಎಳೆದು ನೋಡಿದೆ, ಹೊಸದಾಗಿ ಒಂದೂ ಬರಲಿಲ್ಲ, ಎರರ್ ಕೂಡ ಇಲ್ಲ. ಏನಿದು?

—

ಕುಡ್ಲದ_ಸರ್ವರ್‌ಭಟ್ರು:

9,998 ಅಂದ್ರಾ? ಹಾಗಾದ್ರೆ ಗೊತ್ತಾಯ್ತು ಬಿಡಿ. ಮಾರಾಯ್ರೆ ನೀವು ಆ ಒಂದು ಫೋಟೋ ಹುಡುಕದೇ ಇದ್ದಿದ್ರೆ ಇದು ಹಳೇ ಹೋಸ್ಟಿಂಗ್ ಬಂದ್ ಆದ ಮೇಲೆ ಗೊತ್ತಾಗ್ತಿತ್ತು.

ಸಿಪ್ಯಾನೆಲ್ ಇರುವ ಸರ್ವರಲ್ಲಿ ಸಾಮಾನ್ಯವಾಗಿ ಎಫ್‌ಟಿಪಿ ಕೆಲಸ ಮಾಡುವುದು ಪ್ಯೂರ್-ಎಫ್‌ಟಿಪಿಡಿ ಅನ್ನುವ ಪ್ರೋಗ್ರಾಮು. ಯಾರೋ ಒಬ್ಬ ದೊಡ್ಡ ಪಟ್ಟಿ ಕೇಳಿ ಸರ್ವರ್ ಸುಸ್ತು ಮಾಡಬಾರ್ದು ಅಂತ ಅದರಲ್ಲಿ ಒಂದು ಮಿತಿ ಉಂಟು, ಲಿಮಿಟ್ ರಿಕರ್ಶನ್ ಅಂತ, ಒಂದು ಪಟ್ಟಿಯಲ್ಲಿ 10,000ಕ್ಕಿಂತ ಜಾಸ್ತಿ ಹೆಸರು ಕೊಡೂದಿಲ್ಲ. ಒಂದು ಚುಕ್ಕಿ ಅಂದ್ರೆ ಈ ಫೋಲ್ಡರ್, ಎರಡು ಚುಕ್ಕಿ ಅಂದ್ರೆ ಮೇಲಿನ ಫೋಲ್ಡರ್, ಅವೆರಡೂ ಲೆಕ್ಕಕ್ಕೆ ಬರ್ತವೆ, ಹಾಗಾಗಿ ನಿಮಗೆ ಸಿಕ್ಕಿದ್ದು 9,998. ಫೈಲ್‌ಜಿಲ್ಲಾದ ತಪ್ಪಲ್ಲ, ಸರ್ವರ್ ಕೊಟ್ಟ ಪಟ್ಟಿಯಲ್ಲಿ ಇದ್ದದ್ದನ್ನೆಲ್ಲ ಅದು ತಂದಿದೆ. ಪಟ್ಟಿಯಲ್ಲೇ ಹೆಸರಿಲ್ಲದ ಫೈಲು ಫೇಲ್ ಆಗ್ಲಿಕ್ಕೆ ಹೇಗೆ ಸಾಧ್ಯ, ಅದಕ್ಕೆ ಸೊನ್ನೆ. ಮೇಲ್ಗಡೆ ಮೆಸೇಜ್ ಬರುವ ಜಾಗದಲ್ಲಿ ಆ ಫೋಲ್ಡರ್ ತೆಗೆಯುವಾಗ ಸರಿಯಾಗಿ ನೋಡಿ, 226 ಅಂತ ಶುರುವಾಗುವ ಸಾಲಲ್ಲಿ ಪಟ್ಟಿ 10,000ಕ್ಕೆ ಕತ್ತರಿಸಿದ್ದೇವೆ ಅಂತ ಇಂಗ್ಲಿಷಲ್ಲಿ ಬರೆದಿರ್ತದೆ. 226 ಅಂದ್ರೆ ಕೆಲಸ ಸರಿಯಾಗಿ ಮುಗೀತು ಅನ್ನುವ ಕೋಡು, ಅದರ ಪಕ್ಕ ಇಂಥದ್ದು ಬರೆದ್ರೆ ಯಾರು ಓದ್ತಾರೆ ಹೇಳಿ. ಇವತ್ತಿನ ವರ್ಡ್‌ಪ್ರೆಸ್ಸಲ್ಲಿ ಅಪ್‌ಲೋಡು ವರ್ಷ, ತಿಂಗಳು ಅಂತ ಬೇರೆ ಬೇರೆ ಫೋಲ್ಡರಿಗೆ ಹೋಗ್ತದೆ ಹಾಗಾಗಿ ಈ ತೊಂದ್ರೆ ಕಮ್ಮಿ, ಆದ್ರೂ ಒಂದು ಫೋಟೋ ಹಾಕಿದ್ರೆ ಬೇರೆ ಬೇರೆ ಅಳತೆಯಲ್ಲಿ ಐದಾರು ಕಾಪಿ ಮಾಡಿಡ್ತದೆ ಅದು. ನಿಮ್ಮ ಹಳೇ ಗ್ಯಾಲರಿ ಎಲ್ಲಾ ಒಂದೇ ಫೋಲ್ಡರಿಗೆ ಸುರಿದಿದೆ, ದೊಡ್ಡ ಫೋಟೋ, ಚಿಕ್ಕ ಫೋಟೋ ಎಲ್ಲ.

ಈಗ ಮಾಡ್ಬೇಕಾದ್ದು. ಸಿಪ್ಯಾನೆಲ್ ಫೈಲ್ ಮ್ಯಾನೇಜರಲ್ಲಿ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಂಪ್ರೆಸ್ ಕೊಡಿ, ಜಿಪ್ ಮಾಡಿ, ಆ ಒಂದು ಜಿಪ್ಪನ್ನು ಫೈಲ್‌ಜಿಲ್ಲಾದಲ್ಲಿ ತನ್ನಿ. ನಿಮಗೆ ಚೂರುಪಾರು ಫೈಲು ಜೀವ ತಿಂದ ಕತೆಯೂ ಇದರಲ್ಲೇ ಮುಗೀತದೆ, ಎಫ್‌ಟಿಪಿಯಲ್ಲಿ ಪ್ರತಿ ಫೈಲಿಗೂ ಹೊಸ ಕನೆಕ್ಷನ್ ಆಗ್ಬೇಕು, ಮನೆ ಖಾಲಿ ಮಾಡುವಾಗ ಒಂದೊಂದು ಚಮಚಕ್ಕೂ ಒಂದೊಂದು ಸಲ ರಿಕ್ಷಾ ಕರೆದ ಹಾಗೆ. ಜೆಪಿಜಿ ಜಿಪ್ ಮಾಡಿದ್ರೆ ಸೈಜೇನೂ ಇಳಿಯೂದಿಲ್ಲ, ಅಕೌಂಟಲ್ಲಿ ಅಷ್ಟು ಜಾಗ ಖಾಲಿ ಇರ್ಬೇಕು, ಇಲ್ಲದಿದ್ರೆ ಅರ್ಧರ್ಧ ಮಾಡಿ. ಜಿಪ್ಪನ್ನು ಪಬ್ಲಿಕ್ ಎಚ್‌ಟಿಎಮ್‌ಎಲ್ ಒಳಗೆ ಇಡ್ಬೇಡಿ, ಅದರ ಹೊರಗಿನ ಹೋಮ್ ಫೋಲ್ಡರಲ್ಲಿ ಇಡಿ. ಒಳಗಿಟ್ರೆ ಹೆಸರು ಊಹಿಸಿದವರು ಯಾರೂ ಬ್ರೌಸರಿಂದ ಇಳಿಸ್ಕೊಳ್ಬಹುದು, ಬ್ಯಾಕಪ್ ಡಾಟ್ ಜಿಪ್ ಅಂತ ಹೆಸರು ಹುಡುಕುತ್ತಾ ತಿರುಗುವ ಬಾಟುಗಳು ಇವೆ. ಇಳಿಸಿ ಆದ ಮೇಲೆ ಸರ್ವರಿಂದ ಅಳಿಸಿ.

ಬಂದ ಮೇಲೆ ಬಿಚ್ಚಿ ಲೆಕ್ಕ ಮಾಡಿ. ಲೆಕ್ಕ ಸ್ವಲ್ಪ ಕಮ್ಮಿ ಬಂದ್ರೆ ಗಾಬರಿ ಬೇಡ, ಸರ್ವರ್ ಲಿನಕ್ಸು, ಅಲ್ಲಿ ದೊಡ್ಡಕ್ಷರದ ಹೆಸರು ಬೇರೆ ಫೈಲು ಸಣ್ಣಕ್ಷರದ ಹೆಸರು ಬೇರೆ ಫೈಲು, ವಿಂಡೋಸಿಗೆ ಎರಡೂ ಒಂದೇ, ಒಂದರ ಮೇಲೊಂದು ಬಿದ್ದಿರ್ತದೆ. ಅದಕ್ಕೇ ಆ ಜಿಪ್ಪನ್ನು ಜಿಪ್ಪಾಗಿಯೇ ಒಂದು ಕಡೆ ಇಟ್ಟಿರಿ.

—

ಹಳೇ_ಫಾಂಟು:

ನುಡಿ ಪುಟಗಳ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತಿದೀನಿ. ಮೇಷ್ಟ್ರೇ, ಇಳಿಸಿದ ಹಳೇ ಎಚ್‌ಟಿಎಮ್‌ಎಲ್ ತೆಗೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದಂಗೆ ಕಂಡ್ರೆ ಕಾಪಿ ಕೆಟ್ಟಿದೆ ಅಂದ್ಕೋಬೇಡಿ. ಆಗ ಯೂನಿಕೋಡ್ ಇರಲಿಲ್ಲ ಅಂತಲ್ಲ, ಇತ್ತು, ಆದ್ರೆ ಜನರ ಕಂಪ್ಯೂಟರಲ್ಲಿ ಕನ್ನಡ ಸರಿಯಾಗಿ ಮೂಡ್ತಾ ಇರಲಿಲ್ಲ, ಅದಕ್ಕೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡು ಕೂರಿಸಿದ ಫಾಂಟು ಬಳಸೋದು. ಫೈಲಲ್ಲಿರೋದು ಆ ಕೋಡುಗಳು, ಕನ್ನಡ ಇರೋದು ಫಾಂಟಲ್ಲಿ.

ಸೈಟಲ್ಲಿ ಇಒಟಿ ಅಂತ ಕೊನೆಯಾಗೋ ಫೈಲು ಇದೆಯಾ ನೋಡಿ. ಅದು ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಮಾಡಿದ ಡೈನಾಮಿಕ್ ಫಾಂಟು, ಬೇರೆ ಬ್ರೌಸರಲ್ಲಿ ನಡೆಯಲ್ಲ, ಎಷ್ಟೋ ಸಲ ಅದನ್ನ ಆ ಡೊಮೇನಿಗೇ ಕಟ್ಟಿಹಾಕಿರ್ತಾರೆ, ಅಂದ್ರೆ ನಿಮ್ಮ ಲ್ಯಾಪ್‌ಟಾಪಲ್ಲಿ ತೆಗೆದ್ರೆ ಅದು ಲೋಡ್ ಆಗೋದೇ ಇಲ್ಲ. 2022ರಲ್ಲಿ ಎಕ್ಸ್‌ಪ್ಲೋರರನ್ನೇ ಮೈಕ್ರೋಸಾಫ್ಟ್ ಮನೆಗೆ ಕಳಿಸ್ತು. ಹಂಗಾಗಿ ಈಗ ಆ ಪುಟಗಳು ನಿಮ್ಮ ಸೈಟಲ್ಲೂ ಯಾರಿಗೂ ಓದೋಕೆ ಬರ್ತಿಲ್ಲ ಅಂತ ನನ್ನ ಅನುಮಾನ, ಯಾರೂ ಹೇಳಿಲ್ಲ ಅಷ್ಟೆ. ಅದೇ ನುಡಿ ಫಾಂಟನ್ನ ಲ್ಯಾಪ್‌ಟಾಪಿಗೆ ಹಾಕ್ಕೊಂಡ್ರೆ ಬಹಳಷ್ಟು ಪುಟ ಓದಕ್ಕೆ ಬರುತ್ತೆ. ನುಡಿ ಕೋಡಿಂದ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರುಗಳು ಪುಕ್ಕಟೆ ಸಿಗುತ್ತೆ, ಪುಟದ ಕಾಪಿ ಮೇಲೆ ಓಡಿಸಿ, ಮೂಲ ಫೈಲನ್ನ ಮುಟ್ಟಬೇಡಿ. ಅರ್ಕಾವೊತ್ತು ಇರೋ ಕಡೆ ಒಮ್ಮೊಮ್ಮೆ ಎಡವುತ್ತೆ, ಪದ್ಯ ಆಗಿರೋದ್ರಿಂದ ಒಬ್ರು ಕೂತು ಓದಿ ತಿದ್ದಲೇಬೇಕು, ಯಕ್ಷಗಾನ ಗೊತ್ತಿರೋರೇ ಆಗಬೇಕು. ಫಾಂಟಿನ ಫೈಲನ್ನೂ ಬ್ಯಾಕಪ್ ಫೋಲ್ಡರಲ್ಲೇ ಇಟ್ಬಿಡಿ, ಮುಂದೆ ಯಾರಿಗೆ ಈ ಕೆಲಸ ಬೀಳುತ್ತೋ ಅವರಿಗೆ ಹುಡುಕೋ ಕಷ್ಟ ತಪ್ಪುತ್ತೆ.

—

ಧಾರವಾಡದ_ಅಕ್ಕ:

ಇವರು ಹೇಳಿದ್ದು ಬರೋಬ್ಬರಿ ಐತಿ. ಮೇಷ್ಟ್ರ, ಒಂದ ಲ್ಯಾಪ್‌ಟಾಪಿನ್ಯಾಗ ಇಟ್ಟು ಬಿಡಬ್ಯಾಡ್ರಿ ಮತ್ತ. ಎಕ್ಸ್‌ಟರ್ನಲ್ ಡಿಸ್ಕಿಗೆ ಒಂದು ಕಾಪಿ ಹಾಕಿ ಸಂಘದ ಇನ್ನೊಬ್ಬರ ಮನ್ಯಾಗ ಕೊಡ್ರಿ. ಹೋಸ್ಟಿಂಗಿನವರು ಬ್ಯಾಕಪ್ ಇಡ್ತಾರ ಅಂತ ನೆಚ್ಚಿ ಕೂಡೂದು ಆಗೂದಿಲ್ಲ, 2021ರ ಮಾರ್ಚ್ 10ಕ್ಕ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ್ಯಾಗ ಒವಿಎಚ್ ಅವರ ಡೇಟಾ ಸೆಂಟರ್ ಸುಟ್ಟು ಹೋದಾಗ ಸೈಟೂ ಬ್ಯಾಕಪ್ಪೂ ಒಂದ ಜಾಗಾದಾಗ ಇಟ್ಟವರದು ಎರಡೂ ಹೋದವು.

ಮತ್ತ ಹಳೇ ಹೋಸ್ಟಿಂಗ್ ಬಿಡೂಕಿಂತ ಮೊದಲ ಲ್ಯಾಪ್‌ಟಾಪಿನ್ಯಾಗ ಜ್ಯಾಂಪ್ (ಲ್ಯಾಪ್‌ಟಾಪನ್ನ ಸರ್ವರ್ ಮಾಡೂ ಪ್ರೋಗ್ರಾಮು) ಹಾಕ್ಕೊಂಡು ಅಲ್ಲಿ ಸೈಟ್ ಎಬ್ಬಿಸಿ ನೋಡ್ರಿ. ಫೈಲ್ ಇಟ್ಟು, ಡೇಟಾಬೇಸ್ ಇಂಪೋರ್ಟ್ ಮಾಡಿ, ಕಾನ್ಫಿಗ್ ಫೈಲಿನ್ಯಾಗ ಡೇಟಾಬೇಸಿನ ಹೆಸರು, ಯೂಸರ್, ಪಾಸ್‌ವರ್ಡ್ ಬದಲ ಮಾಡಿ, ಸೈಟಿನ ವಿಳಾಸ ಲೋಕಲ್‌ಹೋಸ್ಟ್ ಅಂತ ಕೊಡ್ರಿ. ಎದ್ದು ನಿಂತ್ರ ನಿಮ್ಮ ಬ್ಯಾಕಪ್ ಖರೇ. ಇಂಪೋರ್ಟ್ ಆಗೂಮುಂದ ಫೈಲ್ ದೊಡ್ಡದು ಅಂತ ತಕರಾರು ಬಂದ್ರ ಇಲ್ಲಿ ಕೇಳ್ರಿ, ಅದಕ್ಕ ದಾರಿ ಐತಿ.

—

ಶಿರ್ಸಿಕಡೆಯವ:

226 ಸಾಲು ಸಿಕ್ತು ಭಟ್ರೇ, ನೀವು ಹೇಳಿದ ಹಾಗೇ ಬರೆದಿತ್ತು! ಜಿಪ್ ಮಾಡಿ ತಂದೆ, ಭಾಗವತರ ಫೋಟೋ ಬಂತು. ಹಳೇ ನುಡಿ ಪುಟಗಳು ಸೈಟಲ್ಲೂ ಓದಕ್ಕೆ ಬರ್ತಿಲ್ಲ ಅನ್ನೋದೂ ನಿಜ, ಮೊಬೈಲಲ್ಲಿ ತೆಗೆದು ನೋಡಿದೆ, ಬರೀ ಗೊಜ್ಜು. ತಾಳಮದ್ದಲೆಲಿ ಅರ್ಥ ಹೇಳೋ ನಿವೃತ್ತರೊಬ್ರು ಇದ್ದಾರೆ, ತಿದ್ದಿಕೊಡ್ತೀನಿ ಅಂದಿದ್ದಾರೆ, ಪ್ರಿಂಟ್ ತೆಗೆದು ಕೊಡ್ಬೇಕಂತೆ.

ಒಂದು ಸಣ್ಣದು ಉಳೀತು. ಎಂಪಿ3 ಕೆಲವಕ್ಕೆ ಆ ಹುಡುಗ ಕನ್ನಡದಲ್ಲೇ ಫೈಲ್ ಹೆಸರು ಕೊಟ್ಟಿದ್ದಾನೆ. ಫೈಲ್‌ಜಿಲ್ಲಾಲಿ ಆ ಹೆಸರುಗಳೂ ಅದೇ ಗೆರೆ ಎ, ಪುಟ್ಟ 2 ಆಗಿ ಕಾಣ್ತಿವೆ. ಹಾಡೇನೋ ಸರಿಯಾಗಿ ಕೇಳುತ್ತೆ.

—

ಕುಡ್ಲದ_ಸರ್ವರ್‌ಭಟ್ರು:

ಸೈಟ್ ಮ್ಯಾನೇಜರಲ್ಲಿ ನಿಮ್ಮ ಸೈಟ್ ಆರಿಸಿ, ಕೊನೆಯ ಟ್ಯಾಬು ಕ್ಯಾರ್‌ಸೆಟ್ ಅಂತ ಇರ್ತದೆ, ಅಲ್ಲಿ ಫೋರ್ಸ್ ಯುಟಿಎಫ್-8 ಹಾಕಿ ಮತ್ತೆ ಕನೆಕ್ಟ್ ಮಾಡಿ. ಹೆಸರು ಕನ್ನಡದಲ್ಲಿ ಕಂಡ ಮೇಲೆ ಆ ಎಂಪಿ3 ಫೋಲ್ಡರ್ ಒಂದನ್ನು ಮಾತ್ರ ಬೇರೆ ಜಾಗಕ್ಕೆ ಇನ್ನೊಮ್ಮೆ ಇಳಿಸಿ, ಹೆಸರು ಕೆಟ್ಟ ಕಾಪಿಯನ್ನು ಆಮೇಲೆ ಅಳಿಸಿದ್ರಾಯ್ತು. ವರ್ಡ್‌ಪ್ರೆಸ್ಸಿನ ಪೋಸ್ಟುಗಳಲ್ಲಿ ಆ ಕನ್ನಡ ಹೆಸರಿನ ಲಿಂಕೇ ಇರ್ತದೆ, ಹೊಸ ಸರ್ವರಿಗೆ ಹಾಕುವಾಗಲೂ ಇದೇ ಸೆಟ್ಟಿಂಗ್ ಇಟ್ಕೊಂಡು ಹಾಕಿ, ಇಲ್ಲಾಂದ್ರೆ ಹಾಡು ಸರ್ವರಲ್ಲಿ ಇದ್ರೂ ಪುಟದಲ್ಲಿ ಒತ್ತಿದ್ರೆ ಬರೂದಿಲ್ಲ.